ಮನೆ ಮಂದಿಯ ಸಿನಿಮಾಕ್ಕೆ ಕಡಿಮೆ ಬೆಲೆಯ ಪ್ರೊಜೆಕ್ಟರ್: ನಾನು ಆರಿಸಿದ ಬಗೆ

ಪ್ರೊಜೆಕ್ಟರ್ ತರೋಣ ಎಂದು ಮನೆಯಲ್ಲಿ ತೀರ್ಮಾನವಾದ ಮೇಲೆ ನಾನು ಮೊದಲು ಕೈಗೆತ್ತಿಕೊಂಡಿದ್ದು ಅಳತೆ ಟೇಪು. ಮಾಡೆಲ್ ಹುಡುಕುವುದು ಆಮೇಲೆ. ಯಾವ ಗೋಡೆ, ಎಷ್ಟು ದೂರ, ಸಿನಿಮಾ ನೋಡುವ ಹೊತ್ತಿಗೆ ಕೋಣೆ ಎಷ್ಟು ಕತ್ತಲಾಗುತ್ತದೆ, ಇಷ್ಟು ಗೊತ್ತಾದರೆ ಅರ್ಧ ಮಾಡೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ದೂರದ ಲೆಕ್ಕ ಸುಲಭ. ಪ್ರತಿ ಪ್ರೊಜೆಕ್ಟರಿಗೂ ಥ್ರೋ ರೇಶಿಯೋ ಎಂಬ ಅಂಕಿ ಇರುತ್ತದೆ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಗೋಡೆಯಿಂದ ಎಷ್ಟು ದೂರ ಇಡಬೇಕು ಎಂದು ತಿಳಿಯುತ್ತದೆ. 100 ಇಂಚಿನ (ಮೂಲೆಯಿಂದ ಮೂಲೆಗೆ ಅಳೆದ) ಚಿತ್ರದ ಅಗಲ ಸುಮಾರು 2.2 ಮೀಟರ್. ರೇಶಿಯೋ 1.2 ಇದ್ದರೆ 2.65 ಮೀಟರ್ ದೂರ ಬೇಕು, 1.5 ಇದ್ದರೆ 3.3 ಮೀಟರ್. ನಮ್ಮ ಕೋಣೆಯಲ್ಲಿ ಸಿಗುವುದು 3 ಮೀಟರ್ ಮಾತ್ರ. ಹಾಗಾಗಿ 1.5ರವನ್ನು ನೋಡಲೇ ಇಲ್ಲ. ಕಡಿಮೆ ಬೆಲೆಯವುಗಳಲ್ಲಿ ಲೆನ್ಸ್ ಜೂಮ್ ಇರುವುದು ಅಪರೂಪ. ಡಿಜಿಟಲ್ ಜೂಮ್ ಅಂತ ಬರೆದಿದ್ದರೆ ಅದು ಚಿತ್ರವನ್ನು ಸುಮ್ನೆ ಕುಗ್ಗಿಸುತ್ತದೆ, ಅಷ್ಟೇ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಬೆಳಕಿನ ಬಗ್ಗೆ. ಬೆಳಕಿನ ಪ್ರಮಾಣವನ್ನು ಲ್ಯೂಮೆನ್‌ನಲ್ಲಿ ಹೇಳುತ್ತಾರೆ. ಡಬ್ಬದ ಮೇಲೆ 9000 ಲ್ಯೂಮೆನ್, 12000 ಲ್ಯೂಮೆನ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನಾನು ಅದನ್ನು ಓದುವುದನ್ನೇ ಬಿಟ್ಟೆ. ಹುಡುಕಿದ್ದು ಗೊತ್ತುಪಡಿಸಿದ ಮಾನದಂಡದಂತೆ ಅಳೆದ ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ ಮಾತ್ರ. ಆನ್ಸಿ ಅಳತೆಯಲ್ಲಿ ಗೋಡೆಯ ಮೇಲೆ ಬಿದ್ದ ಬಿಳಿ ಚಿತ್ರವನ್ನು ಒಂಬತ್ತು ಭಾಗ ಮಾಡಿ, ಪ್ರತಿಯೊಂದರ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ. ಈ ಅಂಕಿ ಎಲ್ಲೂ ಕೊಡದಿದ್ದರೆ ವ್ಯಾಟ್ ನೋಡಿ. 60 ವ್ಯಾಟ್ ಕರೆಂಟು ಕುಡಿಯುವ ಎಲ್‌ಇಡಿ ಪ್ರೊಜೆಕ್ಟರ್ ಸಾವಿರಗಟ್ಟಲೆ ಲ್ಯೂಮೆನ್ ಕೊಡಲು ಸಾಧ್ಯವೇ ಇಲ್ಲ. ಬಲ್ಬಿನಿಂದ ಹೊರಟ ಬೆಳಕಿನ ಬಹುಪಾಲನ್ನು ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ಲೇ ನುಂಗಿಬಿಡುತ್ತದೆ.

ಹಾಗಾದರೆ ಎಷ್ಟು ಬೇಕು? ಇದಕ್ಕೂ ಲೆಕ್ಕ ಹಾಕಿದೆ. ಪರದೆಯ ಹೊಳಪನ್ನು ಅಳೆಯುವುದು ನಿಟ್‌ನಲ್ಲಿ. ಥಿಯೇಟರಿನ ಪರದೆಯ ಬಿಳಿಗೆ 48 ನಿಟ್ ಎಂಬ ಮಾನದಂಡವಿದೆ. 100 ಇಂಚಿನ ಚಿತ್ರಕ್ಕೆ 500 ಆನ್ಸಿ ಲ್ಯೂಮೆನ್ ಹಾಕಿದರೆ ಬಿಳಿ ಸ್ಕ್ರೀನಿನ ಮೇಲೆ ಸುಮಾರು 58 ನಿಟ್ ಬರುತ್ತದೆ. ಅಂದರೆ ಪೂರ್ತಿ ಕತ್ತಲಲ್ಲಿ ಥಿಯೇಟರಿನಷ್ಟೇ. 200 ಲ್ಯೂಮೆನ್ ಆದರೆ 23 ನಿಟ್ ಆಸುಪಾಸು, ಮಂಕು. ಅದನ್ನೇ 80 ಇಂಚಿಗೆ ಇಳಿಸಿದರೆ 36 ಆಗುತ್ತದೆ, ನೋಡಬಹುದು. ಚಿತ್ರ ಚಿಕ್ಕದಾದಷ್ಟೂ ಹೊಳಪು ಜಾಸ್ತಿ. ಆದರೆ ಇದೆಲ್ಲ ದೀಪ ಆರಿಸಿದ ಕೋಣೆಯ ಮಾತು. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಬೀರಲಾರದು. ದೀಪ ಉರಿಯುತ್ತಿರುವಾಗ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೋ, ಸಿನಿಮಾದೊಳಗಿನ ರಾತ್ರಿಯ ದೃಶ್ಯವೂ ಅಷ್ಟೇ ಬೆಳ್ಳಗೆ ಕಾಣುತ್ತದೆ. ಅದಕ್ಕೇ ಇನ್ನೂ ಪ್ರಖರವಾದ ಮಾಡೆಲಿಗೆ ಹೋಗದೆ, ಆ ದುಡ್ಡಿನಲ್ಲಿ ಕಿಟಕಿಗೆ ದಪ್ಪ ಕರ್ಟನ್ ಹಾಕಿಸಿದೆ.

ರೆಸಲ್ಯೂಶನ್ ವಿಷಯದಲ್ಲಿ ನೇಟಿವ್ (ಪ್ಯಾನೆಲ್ಲಿನಲ್ಲಿ ನಿಜವಾಗಿ ಇರುವ ಚುಕ್ಕೆಗಳ ಲೆಕ್ಕ) ಎಂಬ ಪದ ಹುಡುಕಿ. ‘4ಕೆ ಸಪೋರ್ಟ್’ ಅಂದರೆ 4ಕೆ ವಿಡಿಯೋವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಗೋಡೆಗೆ ಬೀಳುವುದು ಬರೀ 1280×720 ಇರಬಹುದು, ಅಗ್ಗದವುಗಳಲ್ಲಿ 800×480 ಕೂಡ. ನಾನು 1920×1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ, ಅಂಟಿಕೊಂಡೆ. ಅಮ್ಮನಿಗೆ ಸಬ್‌ಟೈಟಲ್ ಬೇಕೇ ಬೇಕು. ದೊಡ್ಡ ಚಿತ್ರದಲ್ಲಿ ಅಕ್ಷರದ ಅಂಚು ಒಡೆದು ಕಂಡರೆ ಅವರು ಎದ್ದೇ ಹೋಗುತ್ತಾರೆ.

ಕೊಳ್ಳುವ ಮೊದಲು ಗೆಳೆಯರ ಮನೆಯ, ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಪ್ರೊಜೆಕ್ಟರಿನಲ್ಲಿ ಎಲ್ಲರೂ ಕೂತು ಸಿನಿಮಾ ನೋಡಿದೆವು. ತಿರುಗುವ ಬಣ್ಣದ ಚಕ್ರ ಇರುವ ಡಿಎಲ್‌ಪಿಯಲ್ಲಿ ಕಪ್ಪಿನ ಮೇಲಿನ ಬಿಳಿ ಅಕ್ಷರದ ಪಕ್ಕ ಕೆಲವರಿಗೆ ಕಾಮನಬಿಲ್ಲಿನ ಬಣ್ಣ ಮಿಂಚಿದಂತೆ ಕಾಣುತ್ತದೆ. ನನಗೆ ಏನೂ ಕಾಣಲಿಲ್ಲ. ಮಗಳಿಗೆ ಮಾತ್ರ ಪ್ರತಿ ಸಲವೂ ಕಂಡಿತು! ಅಲ್ಲಿಗೆ ಡಿಎಲ್‌ಪಿ ಕೈಬಿಟ್ಟು, ಬೆಳಕು ಪ್ಯಾನೆಲ್ ಮೂಲಕ ಹಾದು ಚಿತ್ರವಾಗುವ ಎಲ್‌ಸಿಡಿ ಕಡೆ ತಿರುಗಿದೆ. ಎಲ್‌ಸಿಡಿಯಲ್ಲಿ ಗಮನಿಸಬೇಕಾದ್ದು ಧೂಳು. ಪ್ಯಾನೆಲ್ ಮೇಲೆ ಒಂದು ಕಣ ಕೂತರೂ ಗೋಡೆಯ ಮೇಲೆ ಮಸುಕಾದ ಮಚ್ಚೆ ಕಾಣುತ್ತದೆ. ಸೀಲ್ ಮಾಡಿದ ಆಪ್ಟಿಕಲ್ ಎಂಜಿನ್ ಇದೆ ಎಂದು ಬರೆದಿದ್ದನ್ನೇ ಆರಿಸಿದೆ.

ಕೀಸ್ಟೋನ್, ಅಂದರೆ ಓರೆಯಾದ ಚಿತ್ರವನ್ನು ನೇರ ಮಾಡುವ ಸೌಲಭ್ಯ, ಇದರ ಬಗ್ಗೆ ನನ್ನದು ಸ್ವಲ್ಪ ಹಟ. ಓರೆಯಾಗಿಟ್ಟರೂ ಬಟನ್ ಒತ್ತಿದರೆ ಚಿತ್ರ ಸರಿಯಾದ ಆಯಾಕಾರಕ್ಕೆ ಬರುತ್ತದೆ, ನಿಜ. ಆದರೆ ಆಗ ಪ್ಯಾನೆಲ್ಲಿನ ಒಂದಷ್ಟು ಭಾಗ ಕೆಲಸಕ್ಕೆ ಬಾರದೆ ಹೋಗುತ್ತದೆ, ಚಿತ್ರದ ಸ್ಪಷ್ಟತೆಯೂ ಕಡಿಮೆಯಾಗುತ್ತದೆ. ಸೋಫಾದ ಹಿಂದೆ ಒಂದು ಶೆಲ್ಫ್ ಹೊಡೆಸಿ, ಲೆನ್ಸ್ ಗೋಡೆಗೆ ನೇರವಾಗಿ ಬರುವಂತೆ ಕೂರಿಸಿದ್ದೇನೆ. ಕೀಸ್ಟೋನ್ ಮುಟ್ಟುವುದೇ ಇಲ್ಲ.

ಒಳಗಿರುವ ಆಂಡ್ರಾಯ್ಡ್ ನೋಡಿ ಮರುಳಾಗಬೇಡಿ. ವೈಡ್‌ವೈನ್ ಎಲ್1 (ನಕಲು ತಡೆಯುವ ರಕ್ಷಣೆಯ ಮೇಲಿನ ಹಂತ) ಇಲ್ಲದಿದ್ದರೆ ಎಷ್ಟೋ ಸಿನಿಮಾ ಆ್ಯಪ್‌ಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕೊಡುತ್ತವೆ. ಆಗ ಫುಲ್ ಎಚ್‌ಡಿ ಕೊಂಡು ಏನು ಲಾಭ, ಅಲ್ವಾ? ನಾವು ಆ್ಯಪ್ ಇಲ್ಲದ ಸಾದಾ ಮಾಡೆಲ್ ತಂದು, ಎಚ್‌ಡಿಎಂಐ ಪೋರ್ಟಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದೆವು. ಸ್ಟಿಕ್‌ಗೆ ಅದರದೇ ಅಡಾಪ್ಟರಿನಿಂದ ಕರೆಂಟು ಕೊಡಿ. ಪ್ರೊಜೆಕ್ಟರಿನ ಯುಎಸ್‌ಬಿ ಅದಕ್ಕೆ ಸಾಲದೆ ಹೋಗಬಹುದು.

ಒಳಗಿನ ಸ್ಪೀಕರ್ ಕಾರ್ಟೂನಿಗೆ ಪರವಾಗಿಲ್ಲ, ಸಿನಿಮಾಕ್ಕೆ ಸಾಲದು. ಶೆಲ್ಫ್ ಸೋಫಾದ ಹಿಂದೆ ಇರುವುದರಿಂದ ಮಾತು ಬೆನ್ನ ಕಡೆಯಿಂದ ಬರುತ್ತದೆ, ಜೊತೆಗೆ ಫ್ಯಾನಿನ ಸದ್ದು ಬೇರೆ. ಮನೆಯಲ್ಲಿದ್ದ ಹಳೇ ಸ್ಪೀಕರುಗಳನ್ನು ಚಿತ್ರದ ಎರಡೂ ಬದಿಗೆ ಇಟ್ಟು, 3.5 ಮಿಮೀ ವೈರ್ ಎಳೆದೆ. ಬ್ಲೂಟೂತ್‌ನಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತಿತ್ತು.

ಸ್ಕ್ರೀನ್ ಇನ್ನೂ ಕೊಂಡಿಲ್ಲ. ಗೋಡೆಗೆ ಹೊಳಪಿಲ್ಲದ ಬಿಳಿ ಪೇಂಟ್ ಹೊಡೆಸಿದ್ದೇವೆ, ಸದ್ಯಕ್ಕೆ ಸಾಕು. ತರಿತರಿ ಗೋಡೆ ಇದ್ದವರು ಮಾತ್ರ ಮೊದಲೇ ಒಂದು ಮ್ಯಾಟ್ ಸ್ಕ್ರೀನ್ ತರುವುದು ಒಳ್ಳೆಯದು. ನಮ್ಮ ಗೋಡೆಯಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ಅವಕ್ಕೆ ಪುಟ್ಟಿ ತುಂಬಿಸಿ ಉಜ್ಜಿದ ಮೇಲೆಯೇ ಪೇಂಟ್ ಹೊಡೆಸಿದ್ದು.