ಅಡಿಕೆ ದುಡ್ಡು ಬರುವ ಮೊದಲು ಫೋನಿಗೆ ಬೀಗ ಹಾಕಿ

ಕೊನೆಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಮಂಡಿಗೆ ಹೋದ ಮೇಲೆ ಮಲೆನಾಡಿನ ಮನೆಗಳಿಗೆ ವರ್ಷದ ದುಡ್ಡು ಒಟ್ಟಿಗೆ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಖಾತೆ, ಆಧಾರ್, ಸಿಮ್ ಎಲ್ಲವೂ ಅಪ್ಪಯ್ಯನ ಹೆಸರಲ್ಲೇ ಇರುತ್ತವೆ. ಫೋನ್ ಮಾತ್ರ ಮನೆಮಂದಿಗೆಲ್ಲ. ಮೊಮ್ಮಗ ಗೇಮ್ ಆಡುವುದು ಅದರಲ್ಲೇ, ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ಆ ಫೋನನ್ನು ದುಡ್ಡು ಬರುವ ಮೊದಲೇ ಭದ್ರ ಮಾಡಿಕೊಳ್ಳಬೇಕು.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ನಂಬರಿನ ಫೋನ್, ಆಧಾರ್ ಕಾರ್ಡ್, ಪಾಸ್‌ಬುಕ್ ಹತ್ತಿರ ಇರಲಿ. ಸಿಗ್ನಲ್ ಸಿಗುವ ಜಾಗದಲ್ಲೇ ಕೂರಿ. ಒಟಿಪಿಗೆ ಕೆಲವೇ ನಿಮಿಷದ ಆಯಸ್ಸು. ಅದು ಬರುವಷ್ಟರಲ್ಲಿ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮೊದಲು ಹೆಬ್ಬೆಟ್ಟು

ಊರಿನ ಅಂಗಡಿಯಲ್ಲೋ ಬ್ಯಾಂಕ್ ಮಿತ್ರರ ಹತ್ತಿರವೋ ಬೆರಳು ಒತ್ತಿ ದುಡ್ಡು ತೆಗೆಯುತ್ತೇವೆ ಅಲ್ವಾ, ಅದಕ್ಕೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎನ್ನುತ್ತಾರೆ. ಅಲ್ಲಿ ಬೇಕಾಗುವುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು. ಪಿನ್ ಬೇಡ, ಒಟಿಪಿಯೂ ಬೇಡ. ಪೇಟೆಗೆ ಹೋಗಲಾಗದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಆದರೆ ಬೆರಳಚ್ಚಿನ ನಕಲು ಮಾಡಿಕೊಂಡವರಿಗೂ ಅಷ್ಟೇ ಅನುಕೂಲ.

2023ರಲ್ಲಿ ಬೆಂಗಳೂರಿನಲ್ಲಿ ಹೀಗೆ ದುಡ್ಡು ಕಳೆದುಕೊಂಡವರ ದೂರುಗಳು ಬಂದವು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕಳ್ಳರ ಕೈಸೇರಿದೆ ಎಂಬ ಅನುಮಾನ ಆಗ ಎದ್ದಿತು. ತೋಟ, ಗದ್ದೆ ಇರುವ ಯಾವ ಮನೆಯಲ್ಲಿ ನೋಂದಣಿ ಪತ್ರ ಇಲ್ಲ ಹೇಳಿ? ಪಾಲುಪತ್ರ, ಕ್ರಯಪತ್ರ, ದಾನಪತ್ರ ಎಲ್ಲದರಲ್ಲೂ ಹೆಬ್ಬೆಟ್ಟು ಒತ್ತಿರುತ್ತೇವೆ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಅದಕ್ಕೇ ಈ ಕೆಲಸ ಎಲ್ಲಕ್ಕಿಂತ ಮೊದಲು.

ಮೈಆಧಾರ್ ಜಾಲತಾಣಕ್ಕೆ ಅಥವಾ ಆಧಾರ್‌ನ ಅಧಿಕೃತ ಆ್ಯಪ್‌ಗೆ ಹೋಗಿ. ಆಧಾರ್ ನಂಬರ್ ಹಾಕಿ, ಒಟಿಪಿ ಕೊಟ್ಟು ಒಳಗೆ ಬನ್ನಿ. ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಎಂಬಲ್ಲಿ ಲಾಕ್ ಒತ್ತಿ. ಇದಕ್ಕೆ ಕಾಸು ಖರ್ಚಿಲ್ಲ. ಅಲ್ಲಿಂದ ಮುಂದೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದನ್ನು ಇಟ್ಟರೂ ಯಂತ್ರ ಒಪ್ಪುವುದಿಲ್ಲ. ಒಟಿಪಿ ಮೂಲಕ ನಡೆಯುವ ಕೆಲಸಗಳಿಗೆ ತೊಂದರೆ ಇಲ್ಲ.

ಒಂದು ವಿಷಯ ನೆನಪಿಡಿ. ರೇಷನ್ ತರುವಾಗ ಬೆರಳು ಬೇಕಲ್ಲ, ಆಗ ಈ ಬೀಗ ತೆಗೆಯಬೇಕು. ಸ್ವಲ್ಪ ಹೊತ್ತಿಗೆ ಮಾತ್ರ ತೆರೆಯುವ ಸೌಲಭ್ಯವೂ ಇದೆ. ಆದರೆ ನ್ಯಾಯಬೆಲೆ ಅಂಗಡಿ ಹತ್ತಿರ ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಪರದಾಡಬೇಕಾಗುತ್ತದೆ. ಅಂಥ ಕಡೆ ಮನೆಯಿಂದ ಹೊರಡುವಾಗಲೇ ಪೂರ್ತಿ ಅನ್‌ಲಾಕ್ ಮಾಡಿಕೊಂಡು ಹೋಗಿ, ಬಂದ ಕೂಡಲೇ ಮತ್ತೆ ಲಾಕ್ ಮಾಡಿ. ತಿಂಗಳಿಗೊಮ್ಮೆ ಇಷ್ಟು ಮಾಡುವುದು ಖಂಡಿತ ಹೊರೆಯಲ್ಲ.

ಸಿಗ್ನಲ್ ಹೋದರೆ ಸುಮ್ನೆ ಕೂರಬೇಡಿ

ಕಳ್ಳರು ಇನ್ನೊಂದು ದಾರಿ ಹಿಡಿಯುವುದುಂಟು. ನಿಮ್ಮ ಹೆಸರಲ್ಲಿ ನಕಲಿ ದಾಖಲೆ ಕೊಟ್ಟು ನಿಮ್ಮದೇ ನಂಬರಿಗೆ ಹೊಸ ಸಿಮ್ ತೆಗೆಯುತ್ತಾರೆ. ಆ ಗಳಿಗೆಗೆ ನಿಮ್ಮ ಕೈಯಲ್ಲಿರುವ ಸಿಮ್ ಸತ್ತುಹೋಗುತ್ತದೆ, ಒಟಿಪಿಗಳು ಅವರ ಸಿಮ್ಮಿಗೆ ಹೋಗುತ್ತವೆ. ಪೇಟೆಯವರು ಸಿಗ್ನಲ್ ಹೋದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಎಚ್ಚೆತ್ತುಕೊಳ್ಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಕರೆಂಟ್ ಹೋದರೆ ಟವರ್ ಹೋಗುತ್ತದೆ, ಜೋರು ಮಳೆ ಬಂದರೂ ಹೋಗುತ್ತದೆ. ಎರಡು ದಿನ ಸಿಗ್ನಲ್ ಇಲ್ಲದಿದ್ದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮಲೆನಾಡಿನವರಿಗೆ ಅಪಾಯ ಜಾಸ್ತಿ ಇರುವುದು ಇಲ್ಲೇ.

ಪರೀಕ್ಷೆ ಸುಲಭ. ಅದೇ ಕಂಪನಿಯ ಸಿಮ್ ಇರುವ ಇನ್ನೊಂದು ಫೋನನ್ನು ಅದೇ ಜಾಗದಲ್ಲಿ ಹಿಡಿದು ನೋಡಿ. ಎರಡರಲ್ಲೂ ಸಿಗ್ನಲ್ ಇಲ್ಲ ಎಂದರೆ ಟವರಿನ ಸಮಸ್ಯೆ ಇರಬಹುದು. ಅದರಲ್ಲಿ ಇದ್ದು ನಿಮ್ಮದರಲ್ಲಿ ಇಲ್ಲ ಎಂದರೆ ನಿಮ್ಮ ಫೋನ್ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಆ ಇನ್ನೊಂದು ಫೋನಿನಿಂದಲೇ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ಕರೆ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಫೋನ್ ಕಳುವಾದಾಗ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವನಿಗೇ ಬರುತ್ತದೆ. ಇದನ್ನು ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ‘ಸಿಮ್ ಲಾಕ್’ ಇರುತ್ತದೆ. ಆನ್ ಮಾಡುವಾಗ ಕಂಪನಿ ಇಟ್ಟಿರುವ ಹಳೆಯ ಪಿನ್ ಕೇಳುತ್ತದೆ. ಅದನ್ನು ಕಂಪನಿಯನ್ನೇ ಕೇಳಿ ತಿಳಿದುಕೊಳ್ಳಿ, ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಕಂಪನಿ ಕೊಡುವ ಪಿಯುಕೆ ನಂಬರ್ ಬೇಕಾಗುತ್ತದೆ. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಈ ಪಿನ್ ಹಾಕಬೇಕು, ಇಲ್ಲದಿದ್ದರೆ ಕರೆ ಬರುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಹೇಳಿಕೊಟ್ಟಿರಿ.

ಹಾಗೆಯೇ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಂಬರ್, ಒಟಿಪಿ ಕೊಟ್ಟರೆ ನಿಮ್ಮ ಹೆಸರಲ್ಲಿರುವ ಸಿಮ್‌ಗಳ ಪಟ್ಟಿ ಕಾಣುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ ನನ್ನದಲ್ಲ ಎಂದು ಅಲ್ಲೇ ತಿಳಿಸಬಹುದು.

ವಾಟ್ಸ್ಆ್ಯಪ್‌ನಲ್ಲಿ ಬರುವ ಆ್ಯಪ್

ಮದುವೆ ಕರೆಯೋಲೆ, ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಕಂತು. ಹೆಸರು ಯಾವುದೇ ಇರಲಿ, ಫೈಲಿನ ಕೊನೆಯಲ್ಲಿ ‘ಎಪಿಕೆ’ (.apk) ಎಂದಿದ್ದರೆ ಅದು ಕಾಗದವೂ ಅಲ್ಲ, ಫೋಟೋವೂ ಅಲ್ಲ. ಅದು ಆ್ಯಪ್. ಒಳಗೆ ಬಂದ ಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಒಮ್ಮೆ ಹೂಂ ಎಂದರೆ ನಿಮ್ಮ ಒಟಿಪಿಗಳು ಸದ್ದಿಲ್ಲದೆ ಕಳ್ಳರಿಗೆ ಹೋಗಬಹುದು. ಪರಿಚಯದವರ ನಂಬರಿನಿಂದ ಬಂತು ಎಂದು ನಂಬಬೇಡಿ. ಅವರ ವಾಟ್ಸ್ಆ್ಯಪ್ ಆಗಲೇ ಕಳ್ಳರ ಕೈಗೆ ಹೋಗಿರಬಹುದು.

ಎಚ್ಚರವಾಗಿರಿ ಎಂದು ಹೇಳಿದರೆ ಸಾಲದು, ಫೋನಿನಲ್ಲೇ ಬಾಗಿಲು ಮುಚ್ಚಬೇಕು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ಬರುವ ಪಟ್ಟಿಯಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲದರ ಅನುಮತಿ ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ಕೆಟ್ಟ ಆ್ಯಪ್‌ಗಳನ್ನು ಪತ್ತೆಹಚ್ಚುವ ‘ಪ್ಲೇ ಪ್ರೊಟೆಕ್ಟ್’ ಆನ್ ಇದೆಯೇ ನೋಡಿ. ಈಗಾಗಲೇ ಅಂಥದ್ದನ್ನು ಹಾಕಿಕೊಂಡಿದ್ದರೆ ತಕ್ಷಣ ಏರೋಪ್ಲೇನ್ ಮೋಡ್ ಆನ್ ಮಾಡಿ, ವೈಫೈಯೂ ಆಫ್ ಆಗಿರಲಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಆಮೇಲೆ ಆ ಆ್ಯಪ್ ತೆಗೆಸಿ. ಮಗುವಿನ ಕೈಯಲ್ಲಿ ಫೋನ್ ಇದ್ದಾಗ ಹೀಗಾಗಿದ್ದರೆ ಗದರಬೇಡಿ. ಗದರಿದರೆ ಮುಂದಿನ ಸಲ ಮಗು ಹೇಳುವುದೇ ಇಲ್ಲ.

ಪಿನ್ ಮತ್ತು ಖಾತೆ

ಹುಟ್ಟಿದ ದಿನಾಂಕವನ್ನು ಪಿನ್ ಮಾಡಿಕೊಳ್ಳಬೇಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದನ್ನು ಲೆಕ್ಕ ಹಾಕಿದ್ದರು. ಕದ್ದ ಪರ್ಸ್‌ಗಳಲ್ಲಿರುವ ಗುರುತಿನ ಚೀಟಿಯ ಜನ್ಮದಿನಾಂಕ ಇಟ್ಟುಕೊಂಡು ಊಹಿಸಿದರೆ, 11ರಿಂದ 18 ಪರ್ಸ್‌ಗಳಿಗೆ ಒಂದರ ಎಟಿಎಂ ಪಿನ್ ಕಳ್ಳನಿಗೆ ಸಿಗುತ್ತದೆ ಎಂದರು. ನಮ್ಮ ಆಧಾರ್ ಕಾರ್ಡಿನಲ್ಲೂ ಜನ್ಮದಿನಾಂಕ ಇರುತ್ತದೆ, ಗಾಡಿ ಲೈಸೆನ್ಸಿನಲ್ಲೂ ಇರುತ್ತದೆ. 1234 ಅಂತೂ ಬೇಡವೇ ಬೇಡ. ಇನ್ನು, ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಬ್ಯಾಲೆನ್ಸ್ ನೋಡುವಾಗ. ದುಡ್ಡು ಪಡೆಯಲು ಪಿನ್ ಹಾಕಿ ಎಂದವನು ಮೋಸಗಾರ.

ಸಾಧ್ಯವಾದರೆ ಎರಡು ಖಾತೆ ಇಟ್ಟುಕೊಳ್ಳಿ. ಅಡಿಕೆ ದುಡ್ಡು ಬೀಳುವ ಖಾತೆಗೆ ಯುಪಿಐ ಜೋಡಿಸಬೇಡಿ. ಅಂಗಡಿ, ಬಸ್ಸು, ರೀಚಾರ್ಜ್‌ಗೆ ಇನ್ನೊಂದು ಸಣ್ಣ ಖಾತೆ ಇರಲಿ.

ಇಷ್ಟಾದರೂ ದುಡ್ಡು ಹೋದರೆ

ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಯಾರೋ ಅದನ್ನು ನಗದು ಮಾಡಿಕೊಳ್ಳುವ ಮೊದಲು ದೂರು ಮುಟ್ಟಿದರೆ ತಡೆಹಿಡಿಯುವ ಅವಕಾಶ ಇದೆ. ಖಾತೆ ನಂಬರ್, ಹೋದ ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಮಾತಾಡಿ. ಬ್ಯಾಂಕಿಗೂ ಅವತ್ತೇ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟ ಬೀಳುವಂತಿಲ್ಲ. ಒಟಿಪಿಯನ್ನೋ ಪಿನ್ನನ್ನೋ ನೀವೇ ಹೇಳಿದ್ದರೆ ಈ ರಕ್ಷಣೆ ಇಲ್ಲ, ಆದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ಹಾಗಾಗಿ ನಾಚಿಕೆಪಟ್ಟು ಮುಚ್ಚಿಡಬೇಡಿ.

ಫೋನಿನಲ್ಲಿ ದೂರು ಕೊಡಲು ಆಗದಿದ್ದರೆ ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಠಾಣೆಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ದೂರಿನ ಸಂಖ್ಯೆ ಬರೆಯಿರಿ. ಪ್ರತಿಯ ಮೇಲೆ ದಿನಾಂಕ, ಸಮಯದ ಜೊತೆ ಸೀಲು ಹಾಕಿಸಿಕೊಂಡೇ ಬನ್ನಿ.