ತಜಂಕೋ, ಅದರ ದಾಯಾದಿಯೋ? ಕೊಯ್ಯುವ ಮೊದಲು ತೊಟ್ಟು ನೋಡಿ

ಮಳೆ ಹಿಡಿದು ಎರಡು ವಾರವಾದರೆ ಸಾಕು, ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಊರಿನ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಶುರುವಾಗುತ್ತವೆ. "ಅಕ್ಕ, ಇದು ತಜಂಕ್ ಹೌದಾ?" ಮಳೆಗಾಲದಲ್ಲಿ ತಾನಾಗಿ ಏಳುವ, ಪಲ್ಯಕ್ಕೆ ಬಳಸುವ ಸೊಪ್ಪು ಇದು. ತುಳುವಿನಲ್ಲಿ ತಜಂಕ್, ಕನ್ನಡದಲ್ಲಿ ತಗಚೆ ಅಥವಾ ಚಗಟೆ, ಗೋವಾದವರಿಗೆ ತಾಯ್ಕಿಳೊ, ಇಲ್ಲಿ ಮಾರುವ ಮರಾಠಿ ಮಾವಶಿಗೆ (ಚಿಕ್ಕಮ್ಮನಿಗೆ) ಟಾಕಳಾ. ಸಸ್ಯಶಾಸ್ತ್ರದವರಿಗೆ ಸೆನ್ನಾ ಟೋರಾ. ಹಳೆಯ ಪುಸ್ತಕ ತೆಗೆದರೆ ಕ್ಯಾಸಿಯಾ ಎಂಬ ಹೆಸರಲ್ಲಿ ಹುಡುಕಬೇಕು, 1753ರಲ್ಲಿ ಲಿನೇಯಸ್ ಇಟ್ಟದ್ದು ಅದೇ. ಅವರೆ, ಹೆಸರು, ತೊಗರಿಯ ದೊಡ್ಡ ಕುಟುಂಬಕ್ಕೇ ಸೇರಿದ ಗಿಡ ಇದು.

ತೊಂದರೆ ಏನೆಂದರೆ, ಅದೇ ಖಾಲಿ ಜಾಗದಲ್ಲಿ ಇದರ ದಾಯಾದಿಗಳೂ ಏಳುತ್ತವೆ. ಎಲ್ಲಕ್ಕೂ ಐದು ಎಸಳಿನ ಹಳದಿ ಹೂವು. ಹೂ ನೋಡಿ ಗುರುತಿಸುತ್ತೇನೆ ಎಂದು ಹೊರಟರೆ ಕೆಲಸ ಕೆಟ್ಟಿತು. ಅಲ್ಲದೆ ನಾವು ಪಲ್ಯಕ್ಕೆ ಕೊಯ್ಯುವುದು ಎಳೆ ಕುಡಿಯನ್ನು. ಆಗ ಹೂವೂ ಇಲ್ಲ, ಕೋಡೂ ಇಲ್ಲ.

ಹಾಗಾಗಿ ಎಲೆಯನ್ನೇ ನೋಡಬೇಕು. ಒಂದು ಪೂರ್ತಿ ಎಲೆಯನ್ನು, ಅಂದರೆ ಕಿರುಎಲೆಗಳಿರುವ ಇಡೀ ಕಡ್ಡಿಯನ್ನು, ಅದು ಕಾಂಡಕ್ಕೆ ಸೇರುವ ಜಾಗದಿಂದಲೇ ಚಿವುಟಿ ತೆಗೆಯಿರಿ. ತಜಂಕಿನಲ್ಲಿ ಮೂರು ಜೊತೆ ಕಿರುಎಲೆ ಇರುತ್ತವೆ. ತುದಿಯ ಜೊತೆ ಎಲ್ಲಕ್ಕಿಂತ ದೊಡ್ಡದು. ಕಿರುಎಲೆಯ ತುದಿ ಅಗಲ, ದುಂಡಗೆ. ಈಗ ಕೆಳಗಿನ ಜೊತೆ ಕಡ್ಡಿಗೆ ಸೇರುವ ಜಾಗವನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಎರಡು ಕಿರುಎಲೆಗಳ ನಡುವೆ ಚಿಕ್ಕ ಮೊಳೆಯಂಥದ್ದೊಂದು ನಿಂತಿರುತ್ತದೆ. ಅದು ಗ್ರಂಥಿ. ಸಾಮಾನ್ಯವಾಗಿ ಅದರ ಮೇಲಿನ ಜೊತೆಯ ನಡುವೆಯೂ ಇನ್ನೊಂದು ಇರುತ್ತದೆ. ಕನ್ನಡಕ ಇಲ್ಲದೆ ನನಗೆ ಕಾಣುವುದಿಲ್ಲ, ಆದರೆ ಬೆರಳಿಗೆ ಸಿಗುತ್ತದೆ.

ಹುಷಾರಾಗಿ ಇರಬೇಕಾದ್ದು ಸೆನ್ನಾ ಆಕ್ಸಿಡೆಂಟಾಲಿಸ್ ಬಗ್ಗೆ. ಮರಾಠಿಯಲ್ಲಿ ಕಾಸವಿಂದಾ ಅಥವಾ ರಾನ್ ಟಾಕಳಾ. ಇದಕ್ಕೆ ಜಾಸ್ತಿ ಜೊತೆ, ನಾಲ್ಕೋ ಐದೋ. ಕಿರುಎಲೆಯ ತುದಿ ಚೂಪು. ಗ್ರಂಥಿ ಕಿರುಎಲೆಗಳ ನಡುವೆ ಇರುವುದೇ ಇಲ್ಲ. ಕೆಳಗೆ, ತೊಟ್ಟು ಕಾಂಡಕ್ಕೆ ಅಂಟುವಲ್ಲಿ, ದಪ್ಪಗೆ ಒಂದೇ ಒಂದು ಕೂತಿರುತ್ತದೆ. ಅದಕ್ಕೇ ಕಿರುಎಲೆ ಮಾತ್ರ ಕಿತ್ತು ಫೋಟೋ ಕಳಿಸಬೇಡಿ ಅನ್ನುವುದು. ತೊಟ್ಟೇ ಇಲ್ಲದ ಮೇಲೆ ನಾನು ಏನು ಹೇಳಲಿ? ಸಂಜೆ ತೆಗೆದ ಫೋಟೋವೂ ಬೇಡ. ಕತ್ತಲಾಗುವಾಗ ಈ ಗಿಡಗಳು ಎಲೆ ಜೋಡಿಸಿಕೊಂಡು ಮಲಗುತ್ತವೆ, ಆಕಾರವೇ ತಿಳಿಯುವುದಿಲ್ಲ.

"ಉಜ್ಜಿದರೆ ನಾರುವುದು ಕಾಡಿನದು, ನಾರದೇ ಇರುವುದು ತಜಂಕ್" ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ನಂಬಬೇಡಿ. ತಜಂಕೂ ಉಜ್ಜಿದರೆ ನಾರುತ್ತದೆ.

ಕಾಸವಿಂದಾ ಬೀಜ ತಿಂದ ಮಕ್ಕಳಿಗೆ ಲಿವರ್, ಸ್ನಾಯು, ಮೆದುಳು ಮೂರಕ್ಕೂ ಪೆಟ್ಟಾಗಿ ಜೀವ ಹೋದದ್ದು ಪಶ್ಚಿಮ ಉತ್ತರ ಪ್ರದೇಶದಿಂದ ಬಂದ ವೈದ್ಯಕೀಯ ವರದಿಗಳಲ್ಲಿದೆ. ಇದರ ಎಲೆಯನ್ನು ಬೇಯಿಸಿ ತಿನ್ನುವ ಜನ ಅಲ್ಲಲ್ಲಿ ಇದ್ದಾರೆ. ನಾನಂತೂ ಒಲೆಗೆ ಏರಿಸುವುದಿಲ್ಲ.

ಪುಣೆಯವರಿಗೆ ಇನ್ನೊಂದು ತಲೆನೋವಿದೆ. ಅಲ್ಲಿನ ಗುಡ್ಡಗಳಲ್ಲಿ, ರಸ್ತೆ ಬದಿಯಲ್ಲಿ ಅಮೆರಿಕ ಖಂಡದಿಂದ ಬಂದ ಸೆನ್ನಾ ಯುನಿಫ್ಲೋರಾ ಹಾಸಿದಂತೆ ಹಬ್ಬಿದೆ. ಇದರ ಎಲೆ ಮುಟ್ಟಿದರೆ ಮೆತ್ತಗೆ, ರೋಮ ರೋಮ. ಎಳೆ ಕುಡಿಯಲ್ಲೂ ಇದು ಗೊತ್ತಾಗುತ್ತದೆ, ಬೆರಳು ಸವರಿದರೆ ಸಾಕು. ಅಲ್ಲೇ ಸಿಗುವ ತರವಡ, ಅಂದರೆ ನಮ್ಮ ತಂಗಡಿ, ಪೊದೆಯಾಗಿ ಬೆಳೆಯುತ್ತದೆ. ಎಲೆಯ ಬುಡದಲ್ಲಿ ಕಿವಿಯಂತೆ ಅಗಲವಾದ ಎಸಳು ಇರುವುದರಿಂದ ಅದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಕೋಡು ಬಂದ ಮೇಲೆ ಎಲ್ಲ ಸುಲಭ. ತಜಂಕಿನ ಕೋಡು ಸಪೂರ, ಗೇಣುದ್ದ, ಬಾಗಿ ಇಳಿಬಿದ್ದಿರುತ್ತದೆ. ಒಳಗೆ ಮೆಂತ್ಯದ ಹಾಗೆ ಕೋನ ಕೋನದ ಬೀಜ. ಕಾಸವಿಂದಾ ಕೋಡು ಚಪ್ಪಟೆ, ಮೇಲ್ಮುಖ, ಬಲಿತಾಗ ನಡುವೆ ಕಂದು, ಅಂಚು ತಿಳಿ. ಯುನಿಫ್ಲೋರಾದ್ದು ಮೋಟು, ನೇರ, ರೋಮವಿರುವ ಗೊಂಚಲು. ನೀವು ಸೊಪ್ಪು ಕೊಯ್ಯುವ ಜಾಗಕ್ಕೆ ಆಗೊಮ್ಮೆ ಹೋಗಿ ನೋಡಿ ಬನ್ನಿ. ಉದುರಿದ ಬೀಜದಿಂದ ಮುಂದಿನ ಮಳೆಗೆ ಅಲ್ಲಿ ಏನು ಏಳುತ್ತದೆ ಎಂದು ಮೊದಲೇ ತಿಳಿಯುತ್ತದೆ.

ಸೆನ್ನಾ ಅಬ್ಟುಸಿಫೋಲಿಯಾ ಎಂಬ ಅವಳಿಯೂ ಒಂದಿದೆ. ಸಾಮಾನ್ಯವಾಗಿ ಅದಕ್ಕೆ ಕೆಳಗಿನ ಜೊತೆಯ ನಡುವೆ ಮಾತ್ರ ಗ್ರಂಥಿ. ಕೋಡಿನ ತೊಟ್ಟು ಉದ್ದ. ಬೀಜದ ಪಕ್ಕದಲ್ಲಿರುವ ತಿಳಿ ಪಟ್ಟಿ ತಜಂಕಿನಲ್ಲಿ ಅಗಲ, ಇದರಲ್ಲಿ ಗೆರೆಯಷ್ಟೇ. ಸಸ್ಯಶಾಸ್ತ್ರದ ಮಕ್ಕಳಿಗೆ ಇದು ಬೇಕು. ಅಡುಗೆಮನೆಯಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಮಾರ್ಕೆಟ್ಟಿನಲ್ಲಿ ಕಟ್ಟು ಕೊಂಡರೂ ಬಿಚ್ಚಿ ನೋಡಿ. ಮಾರುವ ಮಾವಶಿಗೆ ನಮಗಿಂತ ಚೆನ್ನಾಗಿ ಗೊತ್ತು, ಆದರೂ ಮಧ್ಯೆ ಒಂದೆರಡು ಬೇರೆ ಕಡ್ಡಿ ಸೇರಿರಬಹುದು. ರೈಲು ಹಳಿಯ ಪಕ್ಕದ್ದು, ಗಟಾರದ ಅಂಚಿನದ್ದು ಎಷ್ಟೇ ಹಸಿರಾಗಿದ್ದರೂ ಬೇಡ. ಗೇಣಿಗಿಂತ ಎತ್ತರವಾಗದ ಗಿಡದ ಕುಡಿ ಮಾತ್ರ ಚಿವುಟಿ; ಮೊಗ್ಗು ಬಂದ ಮೇಲೆ ಎಲೆ ಗಡಸು, ಕಹಿ. ಹಸಿ ತಿನ್ನುವ ಸೊಪ್ಪಲ್ಲ ಇದು. ಸಣ್ಣಗೆ ಹೆಚ್ಚಿ, ಜಜ್ಜಿದ ಹಲಸಿನ ಬೀಜದ ಜೊತೆ ಚೆನ್ನಾಗಿ ಬೇಯಿಸಿ, ಮೇಲಿಂದ ತೆಂಗಿನತುರಿ, ಬೆಳ್ಳುಳ್ಳಿ ಒಗ್ಗರಣೆ.