ಚಿತ್ರಪುಸ್ತಕ ಮಾಡಬೇಕಾ? ಮೊದಲು ಹಾಳೆ ಮಡಚಿ

ಕತೆ ಇದೆ, ಚಿತ್ರ ಬಿಡಿಸೋಕೂ ಬರುತ್ತೆ ಅಂತ ಸುಮ್ನೆ ಬಣ್ಣ ಹಿಡಿದು ಕೂರಬೇಡಿ. ಎಂಟು ಎ4 ಹಾಳೆ ಮಧ್ಯಕ್ಕೆ ಮಡಚಿ, ಒಂದರೊಳಗೊಂದು ಇಟ್ಟು ಹೊಲಿಯಿರಿ. 32 ಪುಟದ ಡಮ್ಮಿ, ಅಂದರೆ ಖಾಲಿ ಮಾದರಿ ಪುಸ್ತಕ, ಸಿದ್ಧ. ಅಚ್ಚಿನ ದೊಡ್ಡ ಹಾಳೆ ಮಡಚಿದಾಗ 8 ಅಥವಾ 16 ಪುಟದ ಕಂತೆ ಆಗುತ್ತೆ, ಅದಕ್ಕೇ ಚಿತ್ರಪುಸ್ತಕಗಳು ಹೆಚ್ಚಾಗಿ 24 ಇಲ್ಲಾ 32 ಪುಟ ಇರೋದು.

ಇನ್ನು ಪೆನ್ಸಿಲ್ ಕೆಲಸ. ಪುಟ ತಿರುಗಿಸೋ ಕ್ಷಣವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಕಾರವಾರದ ಬೈತಖೋಲ ಬಂದರಿನಲ್ಲಿ ಒಬ್ಬ ಹುಡುಗಿ ಬಲೆ ಎಳೆಯೋದನ್ನು ನೋಡ್ತಿದ್ದಾಳೆ ಅಂದುಕೊಳ್ಳಿ: ಬಲಗಡೆ ಪುಟದಲ್ಲಿ ಬಲೆಯ ಅಂಚು ಮಾತ್ರ ಕಾಣಲಿ, ಒಳಗೇನಿದೆ ಅನ್ನೋದು ಪುಟ ತಿರುಗಿಸಿದ ಮೇಲೇ ಗೊತ್ತಾಗಲಿ. ಬಲೆ ತುಂಬ ಬಂಗಡೆ ಇತ್ತು ಅಂತ ಬರೆಯಲೇಬೇಡಿ, ಅದನ್ನು ಚಿತ್ರ ಹೇಳುತ್ತೆ. ಆದರೆ ಬಂಗಡೆ ಬಿಡಿಸುವ ಮುಂಚೆ ಮೀನು ಮಾರ್ಕೆಟ್ಟಿಗೆ ಹೋಗಿ ಹತ್ತಿರದಿಂದ ನೋಡಿ. ನೀಲಿಹಸಿರು ಬೆನ್ನು, ಅದರ ಉದ್ದಕ್ಕೂ ಕಪ್ಪು ಗೆರೆ, ಬೆಳ್ಳಿ ಹೊಟ್ಟೆ. ಕರಾವಳಿಯ ಮಕ್ಕಳಿಗೆ ಮೀನು ಗೊತ್ತು, ಅಲ್ವಾ?

ಮುಖಗಳು ನಡುವಿನ ಮಡಿಕೆಗೆ ಸಿಗದಿರಲಿ. ಅಚ್ಚಾದ ಮೇಲೆ ಅಂಚು ಕತ್ತರಿಸ್ತಾರೆ, ಅದಕ್ಕೇ ಬಣ್ಣ ಪುಟದ ಅಂಚಿನಾಚೆಗೂ ಸುತ್ತ 3 ಮಿ.ಮೀ. ಹೋಗಲಿ.

ಬಣ್ಣಕ್ಕೆ ಮೊದಲೇ ಡಮ್ಮಿಯನ್ನು ಅಂಗನವಾಡಿಯಲ್ಲಿ ಜೋರಾಗಿ ಓದಿ. ಮಕ್ಕಳು ಯಾವ ಪುಟದಲ್ಲಿ ಕಿಟಕಿ ಕಡೆ ತಿರುಗ್ತಾರೋ ಅದನ್ನು ಮತ್ತೆ ಬರೆಯಿರಿ.